ಒಂದು ಹನಿ ದ್ರಾವಕವೂ ಇಲ್ಲ

ಹಂಗೇರಿಯ ಸೆಗೆಡ್ ನಗರದ ಆ ಪ್ರಯೋಗಶಾಲೆಯ ಬಾಗಿಲಿಗೆ ಪ್ರೊಫೆಸರ್ ಚೊಂಟೋಶ್ ತಾವೇ ನಿಂತು ಫಲಕ ಹಾಕಿಸಿದ್ದರು: ‘ಇಲ್ಲಿ ನೀರೇ ಸಾಕು.’ ಸಾಕಾಗುತ್ತಿರಲಿಲ್ಲವೆಂದು ಅವರ ಶಿಷ್ಯೆ ಎಮೋಕೆಗೆ ಗೊತ್ತಿತ್ತು. ಚಿಟಿಕೆ ಪಲ್ಲಾಡಿಯಂ ಲೋಹ ಹಾಕಿದರೆ ಎರಡು ರಾಸಾಯನಿಕಗಳು ಬರಿಯ ನೀರಿನಲ್ಲೇ ಕೂಡಿ ಔಷಧದ ಕಚ್ಚಾ ಮಾಲಾಗುತ್ತಿದ್ದದ್ದು ನಿಜ. ಬೆವರು ಸುರಿಸಿ ಅದನ್ನು ಸಾಧಿಸಿದವಳೇ ಅವಳು. ಆದರೆ ಆ ಮಾಲನ್ನು ನೀರಿನಿಂದ ಹೊರತೆಗೆಯಲು ಬಕೆಟ್‌ಗಟ್ಟಲೆ ವಿಷಕಾರಿ ಕ್ಲೋರಿನ್ ದ್ರಾವಕ ಸುರಿಸುತ್ತಿದ್ದರು ಈ ಮಹಾನುಭಾವರು. ಮಡಿಯುಟ್ಟು ಅಡುಗೆ ಮಾಡಿ ಎಂಜಲು ಕೈಯಲ್ಲಿ ಬಡಿಸಿದ ಹಾಗೆ.

"ಐಸಲ್ಲಿಟ್ರೆ ಹರಳಾಗಿ ತಾನೇ ತಳಕ್ಕೆ ಕೂರುತ್ತೆ ಸರ್. ಸೋಸಿದ್ರೆ ಆಯ್ತು," ಎಂದು ಎಮೋಕೆ ಹೇಳಿದ್ದುಂಟು.

"ನೂರಕ್ಕೆ ತೊಂಬತ್ನಾಲ್ಕು ಸಿಗೋದು ಎಂಬತ್ತಕ್ಕಿಳಿಯುತ್ತೆ. ಎಂಬತ್ತಕ್ಕೆ ಯಾರಮ್ಮ ಪ್ರಶಸ್ತಿ ಕೊಡ್ತಾರೆ? ನಿನ್ ಪ್ರಬಂಧದಲ್ಲಿ ತೊಂಬತ್ನಾಲ್ಕೇ ಇರ್ಬೇಕು, ದ್ರಾವಕದ ಮಾತೇ ಬರಬಾರ್ದು. ಇಲ್ದಿದ್ರೆ ನನ್ ಸಹಿ ಇಲ್ಲ."

ಸಹಿಯಿಲ್ಲದೆ ಡಾಕ್ಟರೇಟ್ ಇಲ್ಲ. ಅವಳು ತೊಂಬತ್ನಾಲ್ಕೆಂದೇ ಬರೆದಳು. ಬರೆದದ್ದಕ್ಕೆ ತನ್ನ ಮೇಲೂ ಅವಳಿಗೆ ಹೇಸಿಗೆಯಾಗಿತ್ತು.

ಹಸಿರು ಪ್ರಶಸ್ತಿಯ ತೀರ್ಪುಗಾರರು ಬರುವ ದಿನ ಪ್ರೊಫೆಸರು ದ್ರಾವಕದ ಬಾಟಲಿಗಳನ್ನೂ ತ್ಯಾಜ್ಯದ ಡ್ರಮ್ಮನ್ನೂ ಬೀರುವಿನೊಳಗೆ ತಳ್ಳಿಸಿ, ಬೀಗ ಜಡಿದು, ಕೀಲಿಯನ್ನು ಕೋಟಿನ ಜೇಬಿಗಿಳಿಸಿದರು. ಆಮೇಲೆ ಬಿಸಿ ಪೊಗಾಚಾ ಬನ್ನು ಹಂಚುತ್ತ ಭಾಷಣ ಬಿಗಿದರು: "ತಿಸಾ ನದಿಗೆ ನಮ್ಮಿಂದ ಒಂದು ಹನಿ ವಿಷ ಸೇರಿಲ್ಲ!"

ತೀರ್ಪುಗಾರ್ತಿ ಗಿಜೆಲ್ಲಾ, ತಲೆ ನರೆತ ಹೆಂಗಸು, ಪೊಗಾಚಾ ಜಗಿಯುತ್ತಲೇ ಮಾಲು ಬೆರೆತ ನೀರಿದ್ದ ಗಾಜಿನ ಪಾತ್ರೆಗೆ ಬಗ್ಗಿದಳು. "ಮಾತು ಸಾಕು ಸ್ವಾಮಿ. ಮಾಲು ಹೊರಗ್ ತೆಗೀರಿ, ನೋಡೋಣ."

ಪ್ರೊಫೆಸರ ಮುಖ ಇಂಗು ತಿಂದ ಮಂಗನಂತಾಯಿತು. ಮುಚ್ಚಿಡುವ ಭರದಲ್ಲಿ ಇದೊಂದನ್ನು ಅವರು ಮರೆತೇಬಿಟ್ಟಿದ್ದರು. ಏನಾದರೂ ಮಾಡು ಎಂದು ಎಮೋಕೆಗೆ ಕಣ್ಸನ್ನೆ ಮಾಡಿದರು.

"ಬೀರು ಕೀಲಿ ನಿಮ್ ಜೇಬಲ್ಲೇ ಇದೆಯಲ್ಲಾ ಸರ್," ಎಂದಳು ಅವಳು. "ಕೊಡ್ತೀರಾ? ಇಲ್ಲಾ ಐಸ್ ತರ್ಲಾ?"

"ಬೀರುವಲ್ಲೇನಿದೆ?" ಎಂದಳು ಗಿಜೆಲ್ಲಾ.

"ಏನಿಲ್ಲ, ಏನಿಲ್ಲ! ಐಸ್... ಐಸೇ ತಾರಮ್ಮ."

ಅತಿಥಿಗಳು ಮೀನಿನ ಸಾರು ಉಂಡು ಬರುವಷ್ಟರಲ್ಲಿ ಸೋಸಿದ ಹರಳು ಒಣಗಿತ್ತು. ತೂಗಿದರೆ ನೂರಕ್ಕೆ ಎಂಬತ್ತು. ಗಿಜೆಲ್ಲಾ ಮೆಚ್ಚಿ ತಲೆಯಾಡಿಸಿದ್ದೇ ತಡ, ಪ್ರೊಫೆಸರು ಎದೆಯುಬ್ಬಿಸಿದರು: "ನಾನು ಮೊದ್ಲಿಂದ ಹೇಳ್ತಿದ್ದದ್ದೂ ಇದೇ!" ನಾಚಿಕೆಗೇ ನಾಚಿಕೆಯಾಗಬೇಕು.

"ಹಾಗಾದ್ರೆ ಪ್ರಬಂಧದಲ್ಲೂ ಎಂಬತ್ತು, ಐಸು ಅಂತ್ಲೇ ತಿದ್ದಿ ಬರೆದಿದೀನಿ ಸರ್," ಎಮೋಕೆ ಹಾಳೆಗಳನ್ನು ಮುಂದಿಟ್ಟಳು. "ಇವರೆದುರಿಗೇ ಒಂದು ಸಹಿ ಹಾಕ್ಬಿಡಿ."

ಪ್ರೊಫೆಸರು ಪೆನ್ನಿಗಾಗಿ ಜೇಬಿಗೆ ಕೈ ಹಾಕಿದರು. ಮೊದಲು ಹೊರಬಂದದ್ದು ಕೀಲಿ.