ಉರೀತಾ ಇದ್ದೀವಿ

ನಮ್ಮ ಶಿಬಿರಕ್ಕೆ ಬಹುಮಾನ ಬಂದಿದೆ. ಭೂಕಂಪವಾದ ಮೇಲೆ ಪೋರ್ಟ್-ಓ-ಪ್ರಿನ್ಸಿನ ಸುತ್ತ ಎದ್ದ ಡೇರೆ ಊರುಗಳಲ್ಲೆಲ್ಲ ನಾವೇ ಅತ್ಯಂತ ಸಂತುಷ್ಟರಂತೆ. ಶಿಬಿರ ನಡೆಸುವ ನೆರವು ಸಂಸ್ಥೆಯವರು ನಗುಮುಖ ಬರೆದ ಫಲಕವೊಂದನ್ನು ಗೇಟಿಗೆ ಮೊಳೆ ಹೊಡೆದು ಹೋಗಿದ್ದಾರೆ. ಅದರ ಕೆಳಗೇ ಕೂತು ನಾನು ಬಾಳೆಕಾಯಿ ಕರಿದು ಮಾರುತ್ತೇನೆ. ಗಿರಾಕಿಗಳು ಅದನ್ನು ಓದಿ ನಗುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ.

ಫಿಲೊಮಿಸ್ ನನ್ನ ಕೊಮೆ. ನನ್ನ ಮಗಳ ದೀಕ್ಷಾಸ್ನಾನದಲ್ಲಿ ಮಗುವನ್ನು ಎತ್ತಿಕೊಂಡವಳು, ಒಡಹುಟ್ಟಿದವಳಿಗಿಂತ ಹೆಚ್ಚು. ಅವಳಿಗೆ ನಾನೂ ಕೊಮೆಯೇ. ಭೂಕಂಪದ ದಿನ ಗೋಡೆ ಬಿದ್ದು ಸೊಂಟದಿಂದ ಕೆಳಗೆ ಅವಳಿಗೆ ಜೀವವಿರಲಿಲ್ಲ. ಅಂಥವಳಿಗೆ ಸಂಸ್ಥೆಯವರು ಕೊಟ್ಟದ್ದು ಶಿಬಿರದ ಕಟ್ಟಕಡೆಯ ಡೇರೆ. ಅಲ್ಲಿಗೆ ಹೋಗುವ ಸಂದಿಯಲ್ಲಿ ಒಬ್ಬರು ಬಂದರೆ ಇನ್ನೊಬ್ಬರು ಗೋಡೆಗೆ ಒತ್ತಿಕೊಳ್ಳಬೇಕು. ಎರಡೂ ಕಡೆ ಇದ್ದಿಲ ಒಲೆಗಳು, ಒಲೆಗೆ ತಾಗಿಕೊಂಡೇ ಪ್ಲಾಸ್ಟಿಕ್ ಗೋಡೆಗಳು. ಗೇಟಿನ ಹತ್ತಿರ ಜಾಗ ಖಾಲಿ ಇತ್ತು. ಆದರೆ ಕೇಳದೆ ಡೇರೆ ಎತ್ತಿದರೆ ನೀರಿನ ಚೀಟಿ ಕಿತ್ತುಕೊಳ್ಳುತ್ತಿದ್ದರು.

"ಬೆಂಕಿ ಬಿದ್ರೆ ನಿನ್ನ ಬಾಣಲೇಲಿ ಸೀದು ಹೋದ ಬಾಳೆಕಾಯಿ ಥರ ಆಗ್ತೀನಿ ಕೊಮೆ," ಎಂದು ಅವಳು ನಗುತ್ತಿದ್ದಳು. ನಗುತ್ತಲೇ ನನ್ನ ಕೈ ಹಿಡಿದುಕೊಳ್ಳುತ್ತಿದ್ದಳು.

ಏನೇ ಕೇಳುವುದಿದ್ದರೂ ಸಂಸ್ಥೆಯ ನಂಬರಿಗೆ ಮೆಸೇಜ್ ಹಾಕಬೇಕಿತ್ತು. ಆ ನಂಬರಿಗೆ ಮಾತ್ರ ಬಿಟ್ಟಿಯಾಗಿ ಹೋಗುತ್ತಿತ್ತು. ನಮ್ಮ ಜನಕ್ಕೋ ಒಂದು ಚಾಳಿ. ಕ್ಷೇಮಸಮಾಚಾರ ವಿಚಾರಿಸದೆ ಕೇಳಿಕೆಗೆ ಇಳಿಯುವವರನ್ನು ನಾವು ದನ ಕಾಯಲಿಕ್ಕೂ ಇಟ್ಟುಕೊಳ್ಳುವುದಿಲ್ಲ. ಹೇಗಿದ್ದೀರಿ ಎಂದರೆ ಉರೀತಾ ಇದ್ದೀವಿ ಅನ್ನುತ್ತೇವೆ. ಆರಿಲ್ಲ, ಬದುಕಿದ್ದೀವಿ, ನಡೀತಾ ಇದೆ ಎಂದು ಅದರ ಅರ್ಥ. ಫಿಲೊಮಿಸ್ ಬರೆದಳು: ನಮಸ್ಕಾರ, ನೀವೆಲ್ಲ ಕ್ಷೇಮವೇ, ದೇವರ ದಯೆಯಿಂದ ನಾವು ಉರೀತಾ ಇದ್ದೀವಿ, ನನಗೆ ಕಾಲಿಲ್ಲ, ಗೇಟಿನ ಹತ್ತಿರ ಜಾಗ ಕೊಡಿ.

ತಕ್ಷಣ ಉತ್ತರ ಬಂತು. ಧನ್ಯವಾದ, ನಿಮ್ಮ ಸಂತೋಷವೇ ನಮ್ಮ ಸಂತೋಷ.

"ಜಾಗ ಕೇಳಿದ್ರೆ ಸಂತೋಷ ಅಂತಾರಲ್ಲೇ," ಎಂದೆ.

"ಸುಮ್ನಿರು ಕೊಮೆ. ದೊಡ್ಡೋರು. ಮೊದ್ಲು ಮರ್ಯಾದೆ ಮಾತಾಡ್ತಾರೆ, ಆಮೇಲೆ ಕೆಲಸ ಮಾಡ್ತಾರೆ."

"ನಮಸ್ಕಾರ ಗಿಮಸ್ಕಾರ ಬಿಟ್ಟು ಚೆನ್ನಾಗಿ ಬೈದು ಹಾಕು."

"ಹೋಗಿರೋದು ಕಾಲು. ನಾಲಿಗೆ ನೆಟ್ಟಗಿದೆ. ನಮ್ಮಮ್ಮ ನನ್ನನ್ನ ಹಂಗೆ ಬೆಳೆಸಿಲ್ಲ."

ಜಾಗ ಸಿಗದಷ್ಟೂ ಅವಳ ಮರ್ಯಾದೆ ಹೆಚ್ಚಿತು. ಆಫೀಸಿನವರ ಹೆಂಡತಿ ಮಕ್ಕಳನ್ನೂ ಕೇಳತೊಡಗಿದಳು. ಪ್ರತಿ ಸಲವೂ ಅದೇ ಸಂತೋಷ ಬಂತು. ನಾನೇ ಸಂಸ್ಥೆಯ ವಿಲ್ನೇರನನ್ನು ತಡೆದು ನಿಲ್ಲಿಸಿದೆ. ನಮ್ಮವನೇ, ನಮ್ಮ ಮಾತೇ ಆಡುವವನು, ಕೊರಳಿಗೆ ಟೈ ಬಿಗಿದುಕೊಂಡಿದ್ದ.

"ಮೆಸೇಜ್ ಹಾಕೋಕೆ ಹೇಳಿ ಮದಾಮ್. ಬಾಯಿಮಾತು ನಮ್ಮಲ್ಲಿ ಲೆಕ್ಕಕ್ಕಿಲ್ಲ."

"ಹಾಕಿ ಹಾಕಿ ಅವಳ ಬೆರಳು ಸವೆದಿದೆ ಕಣಪ್ಪ."

"ಹಂಗಾದ್ರೆ ಬಂದಿರತ್ತೆ ಬಿಡಿ. ನಿಮ್ಮ ಶಿಬಿರದಿಂದ ಬರೋದೆಲ್ಲ ಒಳ್ಳೇ ಮಾತೇ. ಸಂತೋಷದ ಗುರಿ ಮುಟ್ಟೇಬಿಟ್ವಿ."

ಬೆಂಕಿ ಬಿದ್ದದ್ದು ಮಟಮಟ ಮಧ್ಯಾಹ್ನ, ಗಾಳಿ ಬೀಸುವ ಹೊತ್ತು. ಯಾರದೋ ಒಲೆಯ ಕಿಡಿ. ನಾನು ಬಾಣಲೆಯಿಂದ ತಲೆ ಎತ್ತುವಷ್ಟರಲ್ಲಿ ಹಿಂದಿನ ಸಾಲುಗಳ ಮೇಲೆ ಕಪ್ಪು ಹೊಗೆ ನಿಂತಿತ್ತು. ಗೇಟಿನಲ್ಲೇ ಸಂಸ್ಥೆಯ ನೀರಿನ ಲಾರಿ, ತುಂಬಿದ ಲಾರಿ. ಡ್ರೈವರುಗಳು ನೀರು ಕದ್ದು ಮಾರುತ್ತಾರೆಂದು ಅದರ ನಲ್ಲಿಗೆ ಬೀಗ ಹಾಕಿದ್ದರು. ನಂಬರಿಗೆ ಮೆಸೇಜ್ ಹೋಗಬೇಕು, ಅಲ್ಲಿಂದ ಅಪ್ಪಣೆ ಬರಬೇಕು, ಆಗ ಆಫೀಸಿನವನು ಬೀಗದ ಕೈ ತರುತ್ತಾನೆ.

"ಫಾಂಫಾಂ, ಬೀಗ ಒಡಿಯೋ," ಎಂದು ಡ್ರೈವರನ ಅಂಗಿ ಹಿಡಿದು ಜಗ್ಗಿದೆ.

"ಮೆಸೇಜ್ ಹಾಕಿದೀನಿ ಅಕ್ಕ. ಶಿಬಿರ ಉರೀತಾ ಇದೆ ಅಂತ ಹಾಕಿದೀನಿ. ತಾಳು, ಬಂತು."

ಅವನು ಫೋನನ್ನು ನನ್ನ ಮುಖಕ್ಕೆ ಹಿಡಿದ. ಧನ್ಯವಾದ, ನಿಮ್ಮ ಸಂತೋಷವೇ ನಮ್ಮ ಸಂತೋಷ.

ಫಾಂಫಾಂ ಬಾಯಿಗೆ ಬಂದಂತೆ ಬೈದು ಕಲ್ಲೆತ್ತಿ ಬೀಗ ಜಜ್ಜತೊಡಗಿದ. ನಾನು ಸಂದಿಗೆ ನುಗ್ಗಿದೆ. ಅರ್ಧಕ್ಕೇ ಶಾಖ ನನ್ನನ್ನು ಹಿಂದಕ್ಕೆ ದಬ್ಬಿತು. ಹೊಗೆಯೊಳಗಿಂದ ಫಿಲೊಮಿಸಳ ತಾಯಿ ಲೆರಿಸ್ಯಾ ತೆವಳಿಕೊಂಡು ಬಂದಳು. ಒಬ್ಬಳೇ ಬಂದಳು.

"ಮೆಸೇಜ್ ಹಾಕಿದೀನಿ ಅಮ್ಮ, ಬರ್ತಾರೆ, ನೀನು ಹೋಗು ಅಂದ್ಲು. ಬಂದ್ರಾ? ಬಂದ್ರೇನೇ ದ್ಯೂಲಾ?" ಎಂದು ಮುದುಕಿ ನನ್ನ ಲಂಗ ಹಿಡಿದು ಕೇಳಿದಳು.

ಬೀಗ ಒಡೆಯಿತು. ನೀರೂ ಹರಿಯಿತು. ಬೂದಿ ಚೆನ್ನಾಗಿ ನೆನೆಯಿತು. ಬೀಗ ಹಾಳು ಮಾಡಿದ್ದಕ್ಕೆ ಫಾಂಫಾಂನನ್ನು ಕೆಲಸದಿಂದ ತೆಗೆದರು.

ಆ ಮೆಸೇಜುಗಳನ್ನು ಓದುತ್ತಿದ್ದದ್ದು ಮನುಷ್ಯರಲ್ಲವಂತೆ, ಬೇರೆ ದೇಶದ ಒಂದು ಯಂತ್ರವಂತೆ. ಉರೀತಾ ಇದ್ದೀವಿ ಎಂದರೆ ಸುಖವಾಗಿದ್ದೀವಿ ಎಂದು ಯಾರೋ ಅದಕ್ಕೆ ಕಲಿಸಿದ್ದರಂತೆ. ಸುಖದ ಮಾತು ಕಂಡರೆ ಮುಂದಿನದನ್ನು ಅದು ಓದುವುದೇ ಇಲ್ಲವಂತೆ. ಇದನ್ನೆಲ್ಲ ನಮಗೆ ಹೇಳಿದ್ದು ಸಂಸ್ಥೆಯ ದೊಡ್ಡ ಮದಾಮ್, ಬೆಳ್ಳಗಿನ ಹೆಂಗಸು. ಹೇಳುತ್ತ ನಿಜವಾಗಿಯೂ ಅತ್ತಳು. ಆದರೆ ಯಂತ್ರದವರ ಗುತ್ತಿಗೆ ಮುಗಿದಿದೆ, ಅದನ್ನೀಗ ತಿದ್ದಲು ಬರುವುದಿಲ್ಲ, ಆದ್ದರಿಂದ ನಿಮ್ಮ ಮಾತನ್ನು ನೀವೇ ತಿದ್ದಿಕೊಳ್ಳಬೇಕು ಎಂದಳು.

ಬೆಂಕಿ ಬಿದ್ದಾಗ ಬಾವಿ ತೋಡಿದವರ ಕಥೆ ಕೇಳಿದ್ದೆ. ಇವರು ಬೂದಿ ಆರಿದ ಮೇಲೆ ಬಾವಿ ಅನ್ನೋ ಪದ ಹೇಳೋದು ಹೇಗೆ ಎಂದು ಪಾಠಕ್ಕೆ ಕೂರಿಸಿದರು. ಪಾಠಕ್ಕೆ ಕೂತವರಿಗೆ ಮಾತ್ರ ಹೊಸ ಟಾರ್ಪಾಲು. ಮಳೆ ಶುರುವಾಗಿತ್ತು, ನನ್ನ ಮಗಳು ಬಯಲಲ್ಲಿ ಮಲಗಿ ಕೆಮ್ಮುತ್ತಿದ್ದಳು. ಹೋಗಿ ಕೂತೆ.

"ದ್ಯೂಲಾ ಮದಾಮ್, ಬೆಂಕಿ ಬಿದ್ರೆ ಏನಂತ ಬರೀತೀರಿ?" ವಿಲ್ನೇರ್ ನನ್ನನ್ನೇ ಎಬ್ಬಿಸಿದ.

"ಬರೆಯೋಕೆ ಕೈ ಉಳಿದಿರ್ಬೇಕಲ್ಲ ಸ್ವಾಮಿ."

"ಕೊಂಕು ಬೇಡ. ಹೇಳಿಕೊಟ್ಟ ಹಂಗೆ ಪೂರ್ತಿ ಹೇಳಿ. ಟಾರ್ಪಾಲು ಬೇಕೋ ಬೇಡ್ವೋ?"

ಅವನ ಟೈ ಹಿಡಿದು ಎಳೆಯಬೇಕೆನಿಸಿತು. ಎಳೆಯಲಿಲ್ಲ. ನಮಸ್ಕಾರ ಹೇಳದೆ, ಯಾರ ಕ್ಷೇಮವನ್ನೂ ಕೇಳದೆ ಒಪ್ಪಿಸಿದೆ: "ಶಿಬಿರದಲ್ಲಿ ಬೆಂಕಿ ಅನಾಹುತ ಸಂಭವಿಸಿದೆ. ತುರ್ತು ನೆರವು ಬೇಕು."

ಎಲ್ಲರೂ ಚಪ್ಪಾಳೆ ತಟ್ಟಿದರು. ದೊಡ್ಡ ಮದಾಮ್ ಎಲ್ಲರಿಗಿಂತ ಜೋರಾಗಿ ತಟ್ಟಿದಳು. ನನ್ನ ನಾಲಿಗೆಯ ಮೇಲೆ ನನಗೇ ಹೇಸಿಗೆಯಾಯಿತು.

ಟಾರ್ಪಾಲು ಕೊಟ್ಟರು. ಕಂಕುಳಲ್ಲಿ ಇಟ್ಟುಕೊಂಡು ಅಲ್ಲೇ ನಿಂತೆ. ಲೆರಿಸ್ಯಾಗೆ ಏಳಲು ಆಗುತ್ತಿಲ್ಲ, ಅವಳಿದ್ದ ಡೇರೆಯ ಪಾಲಿನದನ್ನೂ ಕೊಟ್ಟುಬಿಡಿ, ನಾನೇ ಒಯ್ಯುತ್ತೇನೆ ಎಂದು ಕೇಳಿದೆ.

"ಆ ಡೇರೆ ಇರೋದು ಫಿಲೊಮಿಸ್ ಅವರ ಹೆಸರಲ್ಲಿ," ಎಂದ ವಿಲ್ನೇರ್. "ಅವರೇ ಪಾಠಕ್ಕೆ ಬರ್ಬೇಕು."