ಅಚ್ಚುಚಿತ್ರಗಳ ಮನೆಯಲ್ಲಿ ಒಂದು ಕಿಟಕಿ

ನಮ್ಮ ಮನೆಯೊಳಗೆ ಸೂರ್ಯನಿಗೆ ಪ್ರವೇಶವಿಲ್ಲ. ನಾನು ಮದುವೆಯಾಗಿ ಬಂದಾಗ ಎಲ್ಲ ಕಿಟಕಿಗಳೂ ತೆರೆದೇ ಇದ್ದವು. ನಮ್ಮ ಯಜಮಾನರಿಗೆ ಅಚ್ಚುಚಿತ್ರಗಳ ಹುಚ್ಚು ಹಿಡಿದ ಮೇಲೆ ಒಂದೊಂದಾಗಿ ಮುಚ್ಚಿಕೊಂಡವು. ಮೊದಲು ನಡುಮನೆಯದು, ಆಮೇಲೆ ಮಲಗುವ ಕೋಣೆಯದು, ಕೊನೆಗೆ ಅಡುಗೆಮನೆಗೂ ದಪ್ಪನೆಯ ಕಪ್ಪು ಪರದೆ ಬಂತು. ಬೆಳಕು ಬಿದ್ದರೆ ಕಾಗದ ಹಳದಿಯಾಗುತ್ತದಂತೆ, ಶಾಯಿ ಮಾಸುತ್ತದಂತೆ. ಹೆಂಡತಿ ಮಾಸಿದರೆ ಮಾತ್ರ ಅಡ್ಡಿಯಿಲ್ಲ.

ಉಳಿದಿದ್ದು ನನ್ನ ಹೊಲಿಗೆ ಕೋಣೆಯ ಕಿಟಕಿ ಒಂದೇ. ಹೊಲಿಗೆ ನನ್ನ ಕಸುಬು. ದೀಪದ ಬೆಳಕಿಗೆ ಕಡುನೀಲಿ ದಾರವೂ ಕಪ್ಪು ದಾರವೂ ಅವಳಿಜವಳಿ. ಹಗಲಿನ ಬೆಳಕಿಗೆ ಹಿಡಿದಾಗಲೇ ಯಾವುದು ಯಾವುದೆಂದು ಬಾಯಿ ಬಿಡುವುದು. ಆ ಕಿಟಕಿಯ ಬಳಿ ಕೂತಾಗ ಮಾತ್ರ ನನಗೆ ಉಸಿರಾಡಿದ ಹಾಗೆ ಅನ್ನಿಸುತ್ತಿತ್ತು. ಅದಕ್ಕೂ ಮೊನ್ನೆ ಗ್ರಹಚಾರ ಬಂತು. ದೊಡ್ಡದೊಂದು ಹೊಸ ಚಿತ್ರ ತರಿಸಿದ್ದರು. ಅಷ್ಟು ಅಗಲದ ಖಾಲಿ ಗೋಡೆ ನನ್ನ ಕೋಣೆಯಲ್ಲಿ ಮಾತ್ರ ಇತ್ತು.

"ಹಾಗಾದ್ರೆ ನಾನೆಲ್ಲಿ ಹೊಲೀಲಿ?" ಅಂದೆ.

"ಹಿಂದಿನ ಉಗ್ರಾಣ ಖಾಲಿ ಮಾಡ್ಕೊಡ್ತೀನಿ."

"ಅದಕ್ಕೆ ಕಿಟಕೀನೇ ಇಲ್ವಲ್ರೀ!"

"ಒಳ್ಳೇದೇ ಆಯ್ತಲ್ಲ, ಮುಚ್ಚೋ ತಾಪತ್ರಯ ಇಲ್ಲ."

ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲಿಟ್ಟುಬಿಟ್ಟೆ. ಹಿಡಿದುಕೊಂಡಿರುವುದು ಕ್ಷೇಮವಲ್ಲ ಅನ್ನಿಸಿತು.

ಈ ಚಿತ್ರಗಳ ಪುರಾಣ ಕೇಳಿ ಕೇಳಿ ನನಗೂ ಬಾಯಿಪಾಠವಾಗಿದೆ. ಕಲಾವಿದ ತಾಮ್ರದ ತಗಡಿನಲ್ಲಿ ಗೀರಿ, ಗೀರಿದ ಗೆರೆಗೆ ಶಾಯಿ ತುಂಬಿ, ಒದ್ದೆ ಕಾಗದವನ್ನು ಅದರ ಮೇಲಿಟ್ಟು ಒತ್ತುಯಂತ್ರಕ್ಕೆ ಕೊಡುತ್ತಾನೆ. ಇಂತಿಷ್ಟೇ ಪ್ರತಿ ಎಂದು ಮೊದಲೇ ಗೊತ್ತುಮಾಡಿ, ಒಂದೊಂದರ ಕೆಳಗೂ ಪೆನ್ಸಿಲಿನಲ್ಲಿ ಸಂಖ್ಯೆ ಬರೆದು ಸಹಿ ಹಾಕುತ್ತಾನೆ. ಕೊನೆಗೆ ತಗಡಿಗೆ ಅಡ್ಡಗೀಟು ಎಳೆದು ಕೆಡಿಸುತ್ತಾನೆ, ಮತ್ತೆ ಯಾರೂ ಅಚ್ಚು ತೆಗೆಯಬಾರದೆಂದು. "ನಿಮ್ಮನ್ನೂ ದೇವರು ಒಂದೇ ಪ್ರತಿ ತೆಗೆದು ತಗಡು ಕೆಡಿಸಿದ್ದು ಲೋಕಕ್ಕೆ ಉಪಕಾರ" ಎಂದು ಒಮ್ಮೆ ಹೇಳಿದ್ದೆ. ನಕ್ಕಿದ್ದರು. ಆಗಿನ್ನೂ ನಗುತ್ತಿದ್ದರು.

ಅಸಲಿಯೋ ನಕಲಿಯೋ ತಿಳಿಯಲು ಒಂದು ಗುರುತಿದೆ. ಯಂತ್ರದ ಒತ್ತಡಕ್ಕೆ ತಗಡಿನ ಅಂಚು ಕಾಗದದಲ್ಲಿ ತಗ್ಗಾಗಿ ಮೂಡಿರುತ್ತದೆ, ಚಿತ್ರದ ಸುತ್ತ ಚೌಕ ಹೊಡೆದ ಹಾಗೆ. ಅದನ್ನೂ ಕಣ್ಣಿಂದಲೇ ನೋಡಬೇಕು. ಬರಿಗೈಯಲ್ಲಿ ಮುಟ್ಟಿದರೆ ಬೆವರಿನ ಕಲೆ ಕೂರುತ್ತದೆ. ನಾನೊಮ್ಮೆ ಮುಟ್ಟಿದ್ದಕ್ಕೆ ಮೂರು ದಿನ ಮಾತು ಬಿಟ್ಟಿದ್ದರು.

ಕತ್ತಲೆಯ ಸಂಸಾರ ಹೇಗೋ ನಡೆದಿತ್ತು. ಬಚ್ಚಲಿಗೆ ಹೋಗಬೇಕಾದರೂ ಗೋಡೆ ಸವರಿಕೊಂಡೇ ಹೋಗುತ್ತಿದ್ದೆ. ಅವರು ಚಹಾವನ್ನು ಲೋಟದ ಪಕ್ಕಕ್ಕೆ ಸುರಿದುಕೊಂಡರೆ, ಎರಡು ಕಾಲಿಗೆ ಎರಡು ಬಣ್ಣದ ಕಾಲುಚೀಲ ಹಾಕಿಕೊಂಡರೆ, ಕತ್ತಲೆಯನ್ನೇ ಬೈಯುತ್ತಿದ್ದೆ. ಪತ್ರಿಕೆ ಬಿಟ್ಟು ರೇಡಿಯೋ ಹಚ್ಚಿಕೊಂಡಾಗ, "ಪತ್ರಿಕೆ ತುಂಬ ಬರೀ ಸುಳ್ಳು ಕಣೇ" ಅಂದಿದ್ದರು. ಅದನ್ನೂ ನಂಬಿದ್ದೆ.

ನನ್ನ ಕಿಟಕಿಗೆ ಪರದೆ ಹಾಕುವವನು ಬರಬೇಕಾಗಿದ್ದ ದಿನ ಬೆಳಿಗ್ಗೆ ಇವರು ಕರೆದರು. "ನನಗೆ ಸೊಂಟ ಹಿಡ್ಕೊಂಡಿದೆ. ಆ ಹೊಸ ಹಾಳೆ ತೆಗೆದು ನಡುಮನೆ ಮೇಜಿನ ಮೇಲೆ ಹಾಸು. ಕೈಗವಸು ಹಾಕ್ಕೋ."

ಪೆಟ್ಟಿಗೆಯಿಂದ ಹಾಳೆ ತೆಗೆದೆ. ಎರಡೂ ಬದಿಗೆ ತೆಳುಕಾಗದದ ಹೊದಿಕೆ ಇತ್ತು. ಆ ಮಬ್ಬಿನಲ್ಲಿ ಮುಖ ಯಾವುದು, ಬೆನ್ನು ಯಾವುದು ತಿಳಿಯಲಿಲ್ಲ. ಅಂದಾಜಿನ ಮೇಲೆ ಹಾಸಿ ಹೊದಿಕೆ ಸರಿಸಿದೆ. ಬಗ್ಗಿ ನೋಡಿದರೆ ಬೋಳು ಹಾಳೆ. ಮಗುಚಿ ಹಾಸಿಬಿಟ್ಟಿದ್ದೆ.

ಬೈಸಿಕೊಳ್ಳಲು ತಯಾರಾದೆ. ಅಷ್ಟರಲ್ಲಿ ಅವರು ತಾವೂ ಗವಸು ಹಾಕಿಕೊಂಡು ಪಕ್ಕಕ್ಕೆ ಬಂದು ನಿಂತು, ಕೈ ಹಿಂದೆ ಕಟ್ಟಿಕೊಂಡು ಶುರುಮಾಡಿದರು.

"ನೋಡು, ಎಂಥಾ ಕೈಚಳಕ! ಹೆಂಗಸು ಮೆಟ್ಟಿಲ ಮೇಲೆ ಕೂತಿದಾಳೆ. ಹಿಂದುಗಡೆ ಬಾಗಿಲು ಅರ್ಧ ತೆರೆದಿದೆ. ಆ ಬಾಗಿಲ ಕಪ್ಪು ನೋಡು, ಎಷ್ಟು ಆಳ ಇದೆ!"

ನಾನು ಹಾಳೆ ನೋಡಿದೆ, ಅವರ ಮುಖ ನೋಡಿದೆ. ಹಾಳೆ ಬೆಳ್ಳಗಿತ್ತು. ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. ಮಾತಾಡುತ್ತಲೇ ಅವರು ಬಲಗೈಯ ಗವಸು ಕಳಚಿ, ಬರಿ ಬೆರಳನ್ನು ಕಾಗದದ ಮೇಲೆ ಸರಿಸುತ್ತಾ ತಗಡಿನ ಅಂಚನ್ನು ಹುಡುಕಿದರು. ಬೆರಳು ಅಂಚಿಗೆ ತಾಗಿತು. ಹಾಳೆಯ ಮುಖದಲ್ಲಿ ತಗ್ಗಾಗಿರುವ ಅಂಚು ಬೆನ್ನಿನಲ್ಲಿ ಉಬ್ಬಾಗಿರುತ್ತದೆ. ಬೆರಳು ಅಲ್ಲೇ ನಿಂತಿತು, ಮಾತೂ ನಿಂತಿತು.

"ಯಾವಾಗಿಂದ?" ಅಂದೆ.

"ತುಂಬಾ ದಿನ ಆಯ್ತು. ಕಣ್ಣಿನ ನಡುವಿನ ನೋಟ ಪೂರ್ತಿ ಹೋಗಿದೆ. ಅಕ್ಕಪಕ್ಕ ಅಷ್ಟಿಷ್ಟು ಕಾಣುತ್ತೆ. ಹೋಗಿದ್ದು ವಾಪಸ್ ಬರಲ್ಲ ಅಂದ್ರು ಡಾಕ್ಟರು."

"ಮತ್ತೆ ಇದನ್ಯಾಕೆ ತರಿಸಿದ್ರಿ?"

"ಅಂಗಡಿಯವನು ಫೋನಲ್ಲಿ ವರ್ಣಿಸಿದ. ಕೇಳ್ತಾ ಕೇಳ್ತಾ ಕಣ್ಣಿಗೆ ಕಟ್ಟಿದ ಹಾಗಾಯ್ತು."

"ನನಗೊಂದು ಮಾತು ಹೇಳಬಾರದಿತ್ತಾ?"

ಮಗುಚಿದ ಹಾಳೆಗೇ ಹೇಳುವ ಹಾಗೆ ಹೇಳಿದರು. "ಹೇಳಿದ್ರೆ ನೀನು ಎಲ್ಲಾ ಪರದೆ ತೆಗೆದುಬಿಡ್ತಿದ್ದೆ. ಕತ್ತಲಲ್ಲಿ ನೀನೂ ನನ್ನ ಹಾಗೇ ತಡಕಾಡ್ತಿದ್ದೆ. ನಾನೊಬ್ಬನೇ ಅನ್ನಿಸ್ತಿರಲಿಲ್ಲ."

ಸಿಟ್ಟು ಉಕ್ಕಿತು. ಅಷ್ಟೂ ವರ್ಷ ಶಾಯಿ ಕಾಯುತ್ತೇವೆ ಎಂದುಕೊಂಡಿದ್ದೆ. ಕೊನೆಕೊನೆಗೆ ಕಾದಿದ್ದು ಇವರ ಗುಟ್ಟನ್ನು. ನನ್ನ ಕಣ್ಣನ್ನೂ ಜೊತೆಗೆ ಸೆರೆಹಾಕಿಕೊಂಡಿದ್ದರು, ಉಳಿದ ಒಂದು ಕಿಟಕಿಯನ್ನೂ ಕಿತ್ತುಕೊಳ್ಳಲು ಹೊರಟಿದ್ದರು. ಬಾಯಿಗೆ ಬಂದಿದ್ದನ್ನೆಲ್ಲ ಅನ್ನಬೇಕೆಂದುಕೊಂಡೆ. ಆದರೆ ಅವರು ಆ ಬರಿಗೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲೇ ಹಿಡಿದುಕೊಂಡಿದ್ದರು. ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದೆ.

ಅಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು. ಪರದೆಯವನು ಏಣಿ ಹಿಡಿದು ನಿಂತಿದ್ದ.

"ಎಲ್ಲಿ ಹಾಕ್ಬೇಕಮ್ಮಾ?"

"ಹಾಕೋದಲ್ಲಪ್ಪಾ, ತೆಗೆಯೋದು. ಇಲ್ಲಿಂದಲೇ ಶುರುಮಾಡು" ಅಂದೆ. ಕುರ್ಚಿಯ ಕಡೆಯಿಂದ ಒಂದು ನಿಟ್ಟುಸಿರು ಕೇಳಿಸಿತು, ಬೇಡ ಅನ್ನಲಿಲ್ಲ.

ಅವನು ಏಣಿ ಹತ್ತಿ ನಡುಮನೆಯ ಪರದೆ ಬಿಚ್ಚಿದ. ಬೆಳಕು ಒಮ್ಮೆಲೇ ಬಂದು ಬಿತ್ತು. ನಾನು ಕಣ್ಣು ಕಿರಿದು ಮಾಡಿಕೊಂಡು ನಿಂತೆ.

"ಅಮ್ಮಾ, ಗೋಡೆಗೆ ಬಣ್ಣ ಹೊಡೆಸ್ಬೇಕಲ್ಲ" ಅಂದ ಏಣಿಯ ಮೇಲಿಂದಲೇ.

ತಿರುಗಿ ನೋಡಿದೆ. ಮಲಗುವ ಕೋಣೆಯ ಬಾಗಿಲಿನಿಂದ ಬಚ್ಚಲಿನವರೆಗೂ, ಅವರು ನಡೆಯುವಾಗ ಕೈ ತಾಗುವ ಎತ್ತರಕ್ಕೆ, ಗೋಡೆಯುದ್ದಕ್ಕೂ ಒಂದು ಕೊಳಕು ಪಟ್ಟೆ. ದಿನಾ ಬೆರಳು ಸವರಿ ಸವರಿ ಅಚ್ಚೊತ್ತಿದ್ದು.

ಅದಕ್ಕಿಂತ ಒಂದು ಗೇಣು ಕೆಳಗೆ, ಅದರ ಜೊತೆಜೊತೆಗೇ ಸಾಗಿದ್ದ ಇನ್ನೊಂದು ಪಟ್ಟೆ ಕಂಡಿತು. ಹತ್ತಿರ ಹೋಗಿ ಅದರ ಮೇಲೆ ಕೈ ಇಟ್ಟೆ. ನನ್ನ ಕೈಯ ಎತ್ತರಕ್ಕೆ ಸರಿಯಾಗಿತ್ತು.