ಓಯ್ ಬಾವಿಗೆ ತಾನಾಗಿ ಬಂದ ಜಾಹೀರಾತು

ಇನ್ನಂಜೆಯ ಉಮಾನಾಥರು ದೂರದಲ್ಲಿ ಕಂಡರೆ ಸಾಕು, ಕಾಪು ಪೇಟೆಯ ಅಂಗಡಿಯವರಿಗೆಲ್ಲ ಒಮ್ಮೆಲೇ ತುರ್ತು ಕೆಲಸ ನೆನಪಾಗುತ್ತಿತ್ತು. ಬಟ್ಟೆ ಅಂಗಡಿಯವರು ಒಳಗೆ ಹೋಗಿ ಬಾಗಿಲು ಎಳೆದುಕೊಳ್ಳುವರು. ಮೆಡಿಕಲ್‌ನವರು ಫೋನನ್ನು ಕಿವಿಗೆ ಒತ್ತಿಕೊಂಡು, ಆ ಕಡೆ ಯಾರೂ ಇಲ್ಲದಿದ್ದರೂ "ಹೌದೌದು, ಹೇಳಿ ಹೇಳಿ" ಎಂದು ಗೋಡೆಯ ಕಡೆ ತಿರುಗುವರು. ಉಮಾನಾಥರು ಸಾಲ ವಸೂಲಿಗೆ ಬರುವವರಲ್ಲ, ಪುಢಾರಿಯೂ ಅಲ್ಲ. ಪಾಪ, ಸ್ಮರಣ ಸಂಚಿಕೆಗೆ ಜಾಹೀರಾತು ಎತ್ತುವವರು, ಅಷ್ಟೇ.

ನಮ್ಮ ಕಡೆಯ ವಿಷಯ ಗೊತ್ತಲ್ಲ. ಯುವಕ ಮಂಡಲಕ್ಕೆ ಬೆಳ್ಳಿಹಬ್ಬ, ಶಾಲೆಗೆ ಶತಮಾನೋತ್ಸವ, ಭಜನಾ ಮಂದಿರಕ್ಕೆ ಸುವರ್ಣ ಸಂಭ್ರಮ ಎಂದು ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ. ನಡೆದ ಮೇಲೆ ಒಂದು ಪುಸ್ತಕ ಅಚ್ಚಾಗಲೇಬೇಕು. ಅದರಲ್ಲಿ ಲೇಖನವೆಂದರೆ ಉಪ್ಪಿನಕಾಯಿಯಷ್ಟು, ಉಳಿದ ಪುಟಗಳೆಲ್ಲ 'ಶುಭ ಹಾರೈಸುವವರು'. ಆ ಹಾರೈಸುವವರನ್ನು ಹಿಡಿದು ತರುವ ಕೆಲಸವನ್ನು ಯಾವ ಬುದ್ಧಿವಂತನೂ ಒಪ್ಪುವುದಿಲ್ಲ. ಹಾಗಾಗಿ ಊರಿನ ಸಮಿತಿಗಳೆಲ್ಲ ಅದನ್ನು ಉಮಾನಾಥರ ಕೊರಳಿಗೆ ಕಟ್ಟುತ್ತಿದ್ದವು. ಅವರಿಗೆ ಆಗುವುದಿಲ್ಲ ಎನ್ನಲು ಬಾಯಿಯೇ ಬರುತ್ತಿರಲಿಲ್ಲ.

ಅಂಗಡಿಯವರಲ್ಲಿ ಅತಿ ಗಟ್ಟಿ ಆಸಾಮಿ ಎಂದರೆ ಹಾರ್ಡ್‌ವೇರಿನ ಜೋಕಿಮ್, ಕ್ರಿಶ್ಚಿಯನ್ನರನ್ನು ಮರ್ಯಾದೆಯಿಂದ ಕರೆಯುವ ನಮ್ಮ ಕಡೆಯ ರೂಢಿಯಂತೆ ಉಮಾನಾಥರ ಬಾಯಲ್ಲಿ 'ಪೊರ್ಬುಗಳು'. ಪಂಪು, ಪೈಪು, ಪೈಂಟು, ಮೊಳೆ ಎಲ್ಲ ಮಾರುವ ದೊಡ್ಡ ಅಂಗಡಿ. ಉಮಾನಾಥರು ಮೆಟ್ಟಿಲು ಹತ್ತಿದರೆಂದರೆ ಜೋಕಿಮ್ ಕೌಂಟರಿನ ಕೆಳಗೆ ಮೊಳೆ ಹುಡುಕಲು ಕುಳಿತುಬಿಡುವರು. ಮಂಡಿನೋವಿನ ಮನುಷ್ಯ, ಎಷ್ಟು ಹೊತ್ತು ಕುಳಿತಾರು? ಕಡೆಗೆ ನರಳುತ್ತಾ ಎದ್ದು, "ಓ, ಉಮಾನಾಥಣ್ಣ! ಯಾವಾಗ ಬಂದದ್ದು? ಅಂಗಡಿ ಈಗ ಕ್ಲಾಯ್ಡ್‌ನ ಹೆಸರಿನಲ್ಲಿ ಅಲ್ವಾ, ಅವನು ಬಹರೈನಿನಿಂದ ಬರಲಿ, ಕೇಳುವ" ಎನ್ನುವರು. ಮಗ ಕ್ಲಾಯ್ಡ್ ಎಷ್ಟೋ ಸಲ ಬಂದ, ಮದುವೆಯಾದ, ಹೆಂಡತಿಯನ್ನು ಕರೆದುಕೊಂಡು ವಾಪಸು ಹೋದ. ಜಾಹೀರಾತು ಮಾತ್ರ ಕಾಲು ಪುಟವೂ ಬರಲಿಲ್ಲ.

ಸೊಸೈಟಿಯ ಗುಮಾಸ್ತಿಕೆಯಿಂದ ನಿವೃತ್ತರಾದ ಮೇಲೆ ಉಮಾನಾಥರಿಗೆ ಒಂದು ಹುಚ್ಚು ಹತ್ತಿತು. ಹತ್ತಿತು ಎನ್ನುವುದೂ ಸರಿಯಲ್ಲ, ಚಿಕ್ಕಂದಿನಿಂದಲೇ ಇತ್ತು, ಈಗ ಪುರುಸೊತ್ತು ಸಿಕ್ಕಿತು. ಬಾವಿ ಕಂಡಲ್ಲಿ ಬಗ್ಗಿ "ಓಯ್" ಎಂದು ಕರೆಯದೆ ಅವರಿಗೆ ಮುಂದೆ ಕಾಲು ಹೋಗುತ್ತಿರಲಿಲ್ಲ. ಮಣಿಪಾಲದ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದ ಮಗಳು ವಿಜೇತಾ ತನ್ನ ಹಳೆಯ ಮೊಬೈಲನ್ನು ಅಪ್ಪನಿಗೆ ಕೊಟ್ಟು, ತಮಾಷೆಗೆ 'ಓಯ್ ಬಾವಿ' ಎಂದು ಯೂಟ್ಯೂಬಿನಲ್ಲಿ ಒಂದು ಚಾನೆಲ್ ಮಾಡಿಕೊಟ್ಟಳು. ಅವಳಿಗೆ ತಮಾಷೆ, ಇವರಿಗೆ ಸರಕಾರಿ ಹುದ್ದೆ ಸಿಕ್ಕಿದಷ್ಟು ಗಂಭೀರ. ಮನೆ ಮನೆಯ ಬಾವಿಕಟ್ಟೆಗೆ ಹೋಗುವುದು, ಯಾರ ಬಾವಿ ಎಂದು ಹೇಳುವುದು, ಬಗ್ಗಿ "ಓಯ್" ಎನ್ನುವುದು, ಕಣ್ಣು ಮುಚ್ಚಿ ಉತ್ತರ ಕೇಳುವುದು, ಅಂಕ ಕೊಡುವುದು. ಮುರಕಲ್ಲಿನ ಹಳೆಯ ಬಾವಿಗಳು ಯಜಮಾನರ ಗತ್ತಿನಲ್ಲಿ ಉತ್ತರಿಸುತ್ತವೆ, ಸಿಮೆಂಟ್ ರಿಂಗಿನವು ಶೀತವಾದವರ ಹಾಗೆ ಮೂಗಿನಲ್ಲಿ ಮಾತಾಡುತ್ತವೆ ಎಂಬುದು ಅವರ ಸಿದ್ಧಾಂತ.

"ಊರಿನವರೆಲ್ಲ ಬಂಗುಡೆ ಮೀನು ಹುರಿಯುವ ವಿಡಿಯೋ ಮಾಡ್ತಾರೆ, ನೀವು ಬಾವಿಗೆ ಬೊಬ್ಬೆ ಹಾಕ್ತೀರಿ" ಎಂದು ಹೆಂಡತಿ ಕುಶಲಾ ತಲೆ ಚಚ್ಚಿಕೊಂಡರು. "ಬಗ್ಗುವಾಗ ಬಿದ್ದರೆ ಅದಕ್ಕೂ ಅಂಕ ಉಂಟಾ?"

ನೋಡುವವರು ಬೆರಳೆಣಿಕೆಯಷ್ಟೇ ಇದ್ದರು. ಉಮಾನಾಥರಿಗೆ ಅದರ ಚಿಂತೆಯೂ ಇರಲಿಲ್ಲ. ಹಾಗೇ ಸುಖವಾಗಿ ಇದ್ದುಬಿಡುತ್ತಿದ್ದರೋ ಏನೋ, ಒಂದು ಭಾನುವಾರ ವಿಜೇತಾ ಇಡ್ಲಿ ತಿನ್ನುತ್ತಾ ಬಾಯಿ ಬಿಟ್ಟಳು.

"ಸಾವಿರ ಸಬ್‌ಸ್ಕ್ರೈಬರ್ ಆಗಿ, ವರ್ಷದೊಳಗೆ ಜನ ನಾಲ್ಕು ಸಾವಿರ ಗಂಟೆ ನೋಡಿದರೆ, ನಿಮ್ಮ ವಿಡಿಯೋಕ್ಕೂ ಜಾಹೀರಾತು ಬರ್ತದೆ ಅಪ್ಪ."

ಉಮಾನಾಥರ ಕೈಯ ಇಡ್ಲಿ ಅಲ್ಲೇ ನಿಂತಿತು. "ಯಾರು ಹೋಗಿ ಕೇಳುವುದು?"

"ಯಾರೂ ಕೇಳುವುದು ಬೇಡ."

"ರಸೀದಿ ಪುಸ್ತಕ?"

"ಬೇಡ ಅಪ್ಪ."

"ಅಂಗಡಿಯವರ ವಿಸಿಟಿಂಗ್ ಕಾರ್ಡ್ ಆದರೂ ಬೇಕಲ್ಲ?"

"ಎಂತದೂ ಬೇಡ. ಅದರಷ್ಟಕ್ಕೆ ಬಂದು ಕೂತುಕೊಳ್ತದೆ. ಸ್ವಲ್ಪ ದುಡ್ಡೂ ಬರ್ತದೆ."

ದುಡ್ಡಿನ ಮಾತು ಅವರ ಕಿವಿಗೆ ಬೀಳಲೇ ಇಲ್ಲ. ಜನ ಯಾಕೆ ಸಬ್‌ಸ್ಕ್ರೈಬರ್, ಸಬ್‌ಸ್ಕ್ರೈಬರ್ ಎಂದು ಬಡಿದಾಡುತ್ತಾರೆ? ಕೆಲವರಿಗೆ ಕಾಸು ಬೇಕು, ಕೆಲವರಿಗೆ ಹೆಸರು, ಕೆಲವರಿಗೆ ಭಾವನೆಂಟನ ಹೊಟ್ಟೆ ಉರಿಸಬೇಕು. ಉಮಾನಾಥರಿಗೆ ಅದ್ಯಾವುದೂ ಬೇಡ. ಆಯುಷ್ಯವಿಡೀ ಜಾಹೀರಾತಿನ ಬೆನ್ನು ಹಿಡಿದು ನಡೆದವರು ಅವರು. ಒಮ್ಮೆ, ಒಂದೇ ಒಂದು ಸಲ, ಕೇಳದೆ ಬೇಡದೆ ಒಂದು ಜಾಹೀರಾತು ತಾನಾಗಿ ತನ್ನ ಬಳಿಗೆ ಬರಬೇಕು. ಹಾಗೆ ಯೋಚಿಸಿದ್ದೇ ಅವರ ಕಣ್ಣು ಒದ್ದೆಯಾಯಿತು. ಚಟ್ನಿ ಖಾರವಾಯಿತೆಂದು ಕುಶಲಾ ನೀರು ತಂದುಕೊಟ್ಟರು.

ಮರುದಿನವೇ ಗಂಡ ಹೆಂಡತಿ ಮದುವೆ ಕಾಗದ ಹಂಚುವವರ ಹಾಗೆ ಹೊರಟರು. ವಾಟ್ಸಾಪಿನಲ್ಲಿ ಲಿಂಕ್ ಕಳಿಸಿದರೆ ಸಾಕು ಎಂದು ಮಗಳು ಬಡಿದುಕೊಂಡಳು. ಆದರೆ ಇನ್ನಂಜೆಯಲ್ಲಿ ಫೋನಿನಲ್ಲಿ ಆಮಂತ್ರಣದ ಹೇಳಿಕೆ ಹೇಳಿದರೆ ಯಾರು ಬರುತ್ತಾರೆ? ಮನೆಗೇ ಹೋಗಬೇಕು, ಜೋಡಿಯಾಗಿ ಹೋಗಬೇಕು, ಕೊಟ್ಟ ಶರಬತ್ತು ಕುಡಿಯಬೇಕು. ಉಮಾನಾಥರು ಇಸ್ತ್ರಿಯ ಬಿಳಿ ಅಂಗಿ ಹಾಕಿ, ಕೈಮುಗಿದು, "ಸಣ್ಣದೊಂದು ಚಾನೆಲ್ ಮಾಡಿದ್ದೇವೆ. ತಾವು ಮನೆಮಂದಿ ಸಮೇತರಾಗಿ ಸಬ್‌ಸ್ಕ್ರೈಬ್ ಆಗಿ ಚಂದಗಾಣಿಸಿ ಕೊಡಬೇಕು" ಎಂದರು.

ಜನ ಸಂತೋಷವಾಗಿ ಒಪ್ಪಿದರು, ಆದರೆ ಅವರದೇ ರೀತಿಯಲ್ಲಿ. ಕೆಲವರು "ಮನೆಗೊಬ್ಬರು ಆದರೆ ಸಾಕಲ್ಲ?" ಎಂದು ಅಜ್ಜನ ಮೊಬೈಲಿನಲ್ಲಿ ಮಾತ್ರ ಒತ್ತಿಸಿದರು. ಒಂದು ಮನೆಯವರು, "ನಮ್ಮ ದೊಡ್ಡಪ್ಪನ ಮನೆಗೆ ಹೇಳಿ ಆಯಿತಾ? ಹಿರಿಯರಿಗಿಂತ ಮೊದಲು ನಾವು ಒತ್ತಿದರೆ ನಾಳೆ ಮಾತು ಬರ್ತದೆ" ಎಂದು ಬೆರಳನ್ನು ಹಿಂದೆಗೆದುಕೊಂಡರು. ದೊಡ್ಡಪ್ಪನ ಮನೆ ಕಾರ್ಕಳದಲ್ಲಿ. ಅಲ್ಲಿಗೂ ಹೋದರು, ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಮೂಡೆ ತಿಂದು ಬಂದರು.

ಸಬ್‌ಸ್ಕ್ರೈಬರ್ ಸಂಖ್ಯೆ ಏರಿತು. ಮರುದಿನ ನೋಡಿದರೆ ದಡಬಡನೆ ಇಳಿದಿತ್ತು! ಉಮಾನಾಥರು ಕಂಗಾಲಾಗಿ ನೆರೆಮನೆಯ ಬರ್ತಾ ಬಾಯಿಯನ್ನು ಕೇಳಿದರು.

"ತೆಗೆದದ್ದು ಹೌದು" ಎಂದರು ಬರ್ತಾ ಬಾಯಿ, ಇದರಲ್ಲಿ ಕೇಳುವುದೆಂತ ಎಂಬ ಹಾಗೆ. "ನೀವು ಕರೆದಿರಿ, ನಾವು ಬಂದೆವು, ನೋಡಿದೆವು. ಊಟ ಮುಗಿದ ಮೇಲೂ ಎಲೆಯ ಮುಂದೆ ಕೂತುಕೊಂಡಿರುವುದು ಚಂದವಾ ಉಮಾನಾಥಣ್ಣ? ಬೇರೆಯವರಿಗೆ ಜಾಗ ಬೇಡವಾ?"

ಊರಿಗೆ ಊರೇ ಮರ್ಯಾದೆಯಿಂದ ಒಳಗೆ ಬಂದು, ಮರ್ಯಾದೆಯಿಂದಲೇ ಎದ್ದು ಹೋಗಿತ್ತು. ಯಾರನ್ನು ಬೈಯುವುದು? ಮತ್ತೆ ಅದೇ ಅಂಗಿ, ಅದೇ ಶರಬತ್ತು. ಈ ಸಲ "ದಯವಿಟ್ಟು ಏಳಬೇಡಿ, ಎಷ್ಟು ದಿನ ಬೇಕಾದರೂ ಕೂತುಕೊಳ್ಳಿ, ಜಾಗ ಬೇಕಾದಷ್ಟು ಉಂಟು" ಎಂದು ಹೇಳಿ ಬಂದರು. ಶರಬತ್ತಿನ ಹೆಸರೆತ್ತಿದರೆ ಸಾಕು, ಕುಶಲಾ ಎದ್ದು ಅಂಗಳಕ್ಕೆ ಹೋಗಿಬಿಡುತ್ತಿದ್ದರು.

ಇಷ್ಟಾದರೂ ಗಂಟೆಗಳ ಲೆಕ್ಕ ಮೇಲೇಳಲಿಲ್ಲ. ಬಾವಿಯ ಮುಂದೆ ಜನ ಎಷ್ಟು ಹೊತ್ತು ನಿಲ್ಲುತ್ತಾರೆ? ಅದಕ್ಕೆ ಅಜೆಕಾರಿನ ಬಾವಿಯೇ ಬರಬೇಕಾಯಿತು. ಅಲ್ಲಿಯ ತೋಟವೊಂದರ ಬಾವಿ ಭಾರೀ ಆಳ ಎಂದು ಕೇಳಿ ಹೋದ ಉಮಾನಾಥರು ಮೊಬೈಲು ಹಿಡಿದು ಬಗ್ಗಿ, ಶಕ್ತಿಯೆಲ್ಲ ಸೇರಿಸಿ "ಓಯ್!" ಎಂದರು. ಒಂದು ಕ್ಷಣ ಮೌನ. ಮತ್ತೆ ಪಾತಾಳದಿಂದ ಉತ್ತರ ಬಂತು: "ಎಂತ ಮಾರಾಯ್ರೇ, ಬೊಬ್ಬೆ ಹಾಕುವುದು? ಕೆಸರು ತೆಗೀತಾ ಇದ್ದೇವೆ!"

ಉಮಾನಾಥರ ಮೊಬೈಲು ಒಂದು ಕಡೆ, ಚಪ್ಪಲಿ ಒಂದು ಕಡೆ, ಅವರು ತೋಟದ ಗೇಟಿನ ಹತ್ತಿರ. ನೆಲಕ್ಕೆ ಬಿದ್ದ ಮೊಬೈಲು ಅವರು ಓಡುವುದನ್ನೂ ಚಂದಕ್ಕೆ ಹಿಡಿದಿತ್ತು. ಆ ವಿಡಿಯೋವನ್ನು ನಿಟ್ಟೆಯ ಕಾಲೇಜು ಹಾಸ್ಟೆಲುಗಳಲ್ಲಿ ನೋಡಿದರು, ದುಬೈ, ಮಸ್ಕತ್ತಿನ ಕೋಣೆಗಳಲ್ಲಿ ಊರಿನ ನೆನಪಾದಾಗಲೆಲ್ಲ ಹಾಕಿ ನೋಡಿದರು, ಹಳೆಯ ಬಾವಿಗಳ ವಿಡಿಯೋಗಳನ್ನೂ ಹುಡುಕಿ ಹುಡುಕಿ ನೋಡಿದರು. ಸಾವಿರವೂ ದಾಟಿತು, ಗಂಟೆಯೂ ತುಂಬಿತು. ವಿಜೇತಾ ಏನೇನೋ ಅರ್ಜಿ ಹಾಕಿದಳು, ಒಪ್ಪಿಗೆ ಬಂತು.

ಅವತ್ತು ಸಂಜೆ ಉಮಾನಾಥರು ಸ್ನಾನ ಮಾಡಿ ಚಾವಡಿಯಲ್ಲಿ ಕುಳಿತರು. ವಿಜೇತಾ ತನ್ನ ಮೊಬೈಲಿನಲ್ಲಿ ವಿಡಿಯೋ ಹಾಕಿದಳು. ಬಾವಿ ಬರುವ ಮೊದಲು ಪರದೆಯ ಮೇಲೆ ಒಂದು ನೀಲಿ ಪಂಪು ಬಂತು. ಪಂಪಿನ ಪಕ್ಕದಲ್ಲಿ ಕೋಟು ಹಾಕಿಕೊಂಡು ಕೈಮುಗಿದು ನಿಂತಿದ್ದರು, ಬೇರೆ ಯಾರು, ಜೋಕಿಮ್!

"ಅಯ್ಯೋ, ಪೊರ್ಬುಗಳು!" ಎಂದು ಉಮಾನಾಥರು ಕುರ್ಚಿಯಿಂದ ಎದ್ದೇ ನಿಂತರು. ಅಷ್ಟರಲ್ಲಿ ಕುಶಲಾ ಅಭ್ಯಾಸಬಲದಿಂದ ಬೆರಳು ಚಾಚಿ ಸ್ಕಿಪ್ ಒತ್ತಿಬಿಟ್ಟರು. ಜೋಕಿಮ್ ಮಾಯ, ಬಾವಿ ಹಾಜರು. "ಎಂತ ಮಾಡಿದ್ದು ನೀನು!" ಎಂದು ಉಮಾನಾಥರು ಕೂಗಿದ ಕೂಗಿಗೆ ಹಿತ್ತಲಿನ ಬಾವಿ ಕೂಡ ಉತ್ತರ ಕೊಟ್ಟಿರಬೇಕು.

ಕ್ಲಾಯ್ಡ್ ಬಹರೈನಿನಲ್ಲಿ ಕುಳಿತೇ ಅಪ್ಪನ ಅಂಗಡಿಯ ಜಾಹೀರಾತನ್ನು ಹಾಕಿದ್ದ. ಈ ಸುತ್ತಮುತ್ತ ಬಾವಿ ನೋಡುವವರಿಗೆ ಪಂಪು ತೋರಿಸಿದರೆ ಒಳ್ಳೆಯದೆಂದು ಯೂಟ್ಯೂಬಿನ ಲೆಕ್ಕಾಚಾರ ತೀರ್ಮಾನಿಸಿತ್ತು. ಮಗಳು ಇದನ್ನು ಬಿಡಿಸಿ ಹೇಳಿದಳು. ಉಮಾನಾಥರಿಗೆ ಅರ್ಥವಾದದ್ದು ಇಷ್ಟೇ, ಜೋಕಿಮರ ಜಾಹೀರಾತು ನಡೆದುಕೊಂಡು ತನ್ನ ಚಾನೆಲಿಗೆ ಬಂದಿದೆ. ಒಂದು ಥ್ಯಾಂಕ್ಸ್ ಹೇಳದಿದ್ದರೆ ಮನುಷ್ಯತ್ವವೇ?

ಬೆಳಿಗ್ಗೆ ಅವರು ಅಂಗಡಿಯ ಮೆಟ್ಟಿಲು ಹತ್ತಿದರು. ಜೋಕಿಮ್ ಕೆಳಗೆ ಕುಳಿತರು. ಉಮಾನಾಥರು ಕಾದರು. ಜೋಕಿಮ್ ನರಳುತ್ತಾ ಎದ್ದರು.

"ಕ್ಲಾಯ್ಡ್ ಬರಲಿ ಉಮಾನಾಥಣ್ಣ, ಕೇಳುವ—"

"ಕೇಳಲಿಕ್ಕೆ ಬಂದದ್ದಲ್ಲ ಪೊರ್ಬುಗಳೇ, ಉಪಕಾರ ಆಯ್ತು ಅಂತ ಹೇಳಲಿಕ್ಕೆ ಬಂದದ್ದು. ನಿಮ್ಮ ಜಾಹೀರಾತು ನನ್ನ ಬಾವಿಯಲ್ಲಿ ಬಂತು."

ಜೋಕಿಮರ ಮುಖ ಬಿಳಿಚಿತು. "ನಿಮಗೆ ಎಲ್ಲಿ ಕೊಟ್ಟದ್ದು? ಯೂಟ್ಯೂಬಿಗೆ ಕೊಟ್ಟದ್ದು! ದೇವಾ, ಅಲ್ಲಿಯೂ ನೀವೇ ಇದ್ದೀರಾ?"

ಪೈಪಿನ ಬೆಂಡ್ ಕೊಳ್ಳಲು ಬಂದಿದ್ದ ಇವಾನ್ ಎಂಬ ಪ್ಲಂಬರ್ ನಕ್ಕ. "ಹೌದು ಅಂಕಲ್, ನಿಮ್ಮದು ನನಗೂ ಬರ್ತದೆ. ಸ್ಕಿಪ್ ಬಂದ ಕೂಡಲೇ ಓಡಿಸಿಬಿಡ್ತೇನೆ."

"ಓಡಿಸ್ತೀಯಾ?"

"ಎಲ್ಲರೂ ಓಡಿಸ್ತಾರೆ. ಐದು ಸೆಕೆಂಡ್ ಮಾತ್ರ ನೋಡುವುದು."

ಜೋಕಿಮ್ ಸ್ಟೂಲಿನ ಮೇಲೆ ಕುಸಿದರು. "ಐದು ಸೆಕೆಂಡಿನಲ್ಲಿ ನಾನು ಎಲ್ಲರಿಗೂ ನಮಸ್ಕಾರ ಹೇಳುವುದೇ ಮುಗಿಯುವುದಿಲ್ಲ ಮಾರಾಯ! ಅಂಗಡಿಯ ಹೆಸರು ಬರುವುದೇ ಆಮೇಲೆ!" ಕೋಟು ಹೊಲಿಸಿದ್ದು, ಗಡ್ಡ ಮಾಡಿಸಿದ್ದು, ಕನ್ನಡಿಯ ಮುಂದೆ ಬಾಯಿಪಾಠ ಮಾಡಿದ್ದು ಎಲ್ಲ ಅವರಿಗೆ ನೆನಪಾಯಿತು. ಎದ್ದು ಉಮಾನಾಥರ ಕೈ ಹಿಡಿದರು. "ನಿಮಗೆ ಮನೆ ಮನೆಗೆ ಹೋಗಿ ಅಭ್ಯಾಸ ಉಂಟಲ್ಲ ಉಮಾನಾಥಣ್ಣ. ನಮ್ಮದನ್ನು ಪೂರ್ತಿ ನೋಡಿ ಅಂತ ಜನರಿಗೆ ಒಂದು ಮಾತು ಹೇಳ್ತೀರಾ?"

ಇಲ್ಲ ಎನ್ನಲು ಬಾರದ ಮನುಷ್ಯ! ಆದರೂ ಈ ಸಲ ಉಮಾನಾಥರ ಬಾಯಿಂದ ಅರ್ಧ ಧೈರ್ಯ ಹೊರಬಂತು. "ನೀವೂ ಬನ್ನಿ. ಧಣಿಗಳೇ ಬಂದರೆ ತೂಕ ಹೆಚ್ಚು."

ಸಂಜೆ ಇಬ್ಬರೂ ಸ್ಕೂಟರಿನಲ್ಲಿ ಹೊರಟರು. ಜಾಹೀರಾತಿನ ಕೋಟನ್ನೇ ಹಾಕಿಕೊಂಡು ಬಂದ ಜೋಕಿಮ್ ಹಿಂದೆ ಕುಳಿತು ಬೆವರುತ್ತಿದ್ದರು. ಮೊದಲು ಬರ್ತಾ ಬಾಯಿಯ ಮನೆ. ದೂರದಿಂದಲೇ ಟಿವಿಯ ಸದ್ದು ಕೇಳುತ್ತಿತ್ತು. ಇವರು ಅಂಗಳಕ್ಕೆ ಕಾಲಿಟ್ಟದ್ದೇ ಟಿವಿ ನಿಂತಿತು, ಬಾಗಿಲು ಮುಚ್ಚಿತು, ಕಿಟಕಿಯ ಪರದೆ ಅಲ್ಲಾಡಿತು.

"ಒಳಗೆ ಇದ್ದಾರೆ, ನಾನು ನೋಡಿದೆ" ಎಂದರು ಜೋಕಿಮ್.

"ಇದ್ದಾರೆ."

"ಮತ್ತೆ ಬಾಗಿಲು ತೆಗೆಯುವುದಿಲ್ಲ ಎಂತಕ್ಕೆ?"

"ಸ್ವಲ್ಪ ನಿಲ್ಲಬೇಕು" ಎಂದರು ಉಮಾನಾಥರು, ಹೂವಿನ ಚಟ್ಟಿಗಳನ್ನು ನೋಡುತ್ತಾ. "ಬಾಗಿಲನ್ನೇ ನೋಡಬಾರದು ಪೊರ್ಬುಗಳೇ. ಬೇರೆ ಕಡೆ ನೋಡ್ತಾ ನಿಲ್ಲಬೇಕು. ಇಲ್ಲದಿದ್ದರೆ ಒಳಗಿನವರಿಗೆ ಹೊರಗೆ ಬರಲಿಕ್ಕೆ ನಾಚಿಕೆ ಆಗ್ತದೆ."

ಜೋಕಿಮ್ ಹೂವಿನ ಚಟ್ಟಿಯ ಕಡೆ ಮುಖ ತಿರುಗಿಸಿದರು. ಕೋಟಿನೊಳಗೆ ಬೆವರು ಇಳಿಯುತ್ತಿತ್ತು, ಮಂಡಿ ಎಳೆಯುತ್ತಿತ್ತು. ಹಾಗೆ ನಿಂತು ನಿಂತು ಅವರಿಗೆ ಏನೋ ಹೊಳೆಯಿತು.

"ನಾನು ಕೌಂಟರಿನ ಕೆಳಗೆ ಕೂತಾಗಲೂ ನೀವು ಹೀಗೇ ಬೇರೆ ಕಡೆ ನೋಡ್ತಾ ನಿಂತದ್ದಾ?"

"ಹೌದಲ್ಲ. ನಿಮ್ಮ ಪೈಂಟ್ ಡಬ್ಬಿಗಳ ಬಣ್ಣದ ಹೆಸರೆಲ್ಲ ನನಗೆ ಬಾಯಿಪಾಠ ಉಂಟು."

ಉಮಾನಾಥರು ಅದನ್ನು ಹಂಗಿಸಲು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದರು. ಜೋಕಿಮರಿಗೆ ಮಾತ್ರ ಮುಖವೆಲ್ಲ ಬಿಸಿಯಾಯಿತು, ಜೀವಮಾನದಲ್ಲಿ ಅಷ್ಟು ನಾಚಿಕೆ ಅವರಿಗೆ ಯಾವತ್ತೂ ಆಗಿರಲಿಲ್ಲ. ಕೋಟಿನ ಗುಂಡಿ ಬಿಚ್ಚಿದರು, ಹಾಕಿದರು, ಮತ್ತೆ ಬಿಚ್ಚಿದರು.

"ಈಗ ಯಾವುದಾದರೂ ಸಂಚಿಕೆ ಉಂಟಾ?"

"ಭಜನಾ ಮಂದಿರದ್ದು ಉಂಟು. ಎಂತಕ್ಕೆ?"

"ಪುಸ್ತಕದ ಹಿಂಬದಿಯ ರಟ್ಟು ಯಾರಿಗಾದರೂ ಕೊಟ್ಟಾಗಿದೆಯಾ? ಇಲ್ಲದಿದ್ದರೆ ನನಗೆ ಇರಲಿ. ಪೂರ್ತಿ ಪುಟ."

ಉಮಾನಾಥರು ಚಟ್ಟಿಯಿಂದ ಕಣ್ಣು ತೆಗೆದು ಜೋಕಿಮರನ್ನು ನೋಡಿದರು. ಕೆನ್ನೆಯ ಮೇಲೆ ನೀರು ದಳದಳನೆ ಇಳಿಯಿತು. ಅಷ್ಟು ಹೊತ್ತೂ ಪರದೆಯ ಸಂದಿನಿಂದ ನೋಡುತ್ತಿದ್ದ ಬರ್ತಾ ಬಾಯಿಗೆ ತಡೆಯಲಾಗಲಿಲ್ಲ. ಬಾಗಿಲು ದಢಾರನೆ ತೆರೆದು, ಸೌಟು ಹಿಡಿದುಕೊಂಡೇ ಅಂಗಳಕ್ಕೆ ಓಡಿ ಬಂದರು.

"ಅಯ್ಯಯ್ಯೋ, ಬಾಗಿಲು ತೆಗೆಯದ್ದಕ್ಕೆ ಅಳುವುದಾ ಉಮಾನಾಥಣ್ಣ? ನೋಡ್ತೇನೆ ಮಾರಾಯ್ರೇ, ಎಂತ ನೋಡ್ಬೇಕೋ ಹೇಳಿ, ಪೂರ್ತಿ ನೋಡ್ತೇನೆ!"